ಮೀನಿಗೆ ಮಂಪರು ಕೊಡುವುದು: ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಸಾಕಣೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಸಿಂಧನೂರು ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ ಪಕ್ಕದಲ್ಲೇ ಮೀನು ಹೊಂಡ. ತಾಯಿ ಮೀನು ಇಟ್ಟುಕೊಂಡು ಸ್ವಲ್ಪ ಮರಿ ಸಹ ಮಾಡುತ್ತೇವೆ. ಇಂಜೆಕ್ಷನ್ ಕೊಡುವಾಗ ನಾನು ಮೀನಿಗೆ ಮಂಪರು ಬರಿಸುತ್ತೇನೆ ಅಂತ ಗೊತ್ತಾದ ಮೇಲೆ ಸುತ್ತಮುತ್ತಲಿನ ಕ್ಯಾಂಪ್‌ಗಳಿಂದ ಫೋನ್ ಬರುವುದು ಜಾಸ್ತಿ ಆಯಿತು. ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೀನಿಗೆ ಯಾಕಣ್ಣ ಮಂಪರು? ಅಪ್ಪನ ಕಾಲದಲ್ಲಿ ಇದೆಲ್ಲ ಇತ್ತಾ?

ಅಪ್ಪನ ಕಾಲದಲ್ಲಿ ಕೆರೆಗೆ ಮರಿ ಬಿಟ್ಟರೆ ಮತ್ತೆ ಮುಟ್ಟುತ್ತಿದ್ದದ್ದು ಹಿಡಿಯುವ ದಿನವೇ. ಈಗ ಹಾಗಿಲ್ಲ. ಮರಿಯನ್ನು ಎಣಿಸುತ್ತೇವೆ, ಗಾತ್ರ ನೋಡಿ ಬೇರೆ ಮಾಡುತ್ತೇವೆ, ತಿಂಗಳಿಗೊಮ್ಮೆ ತೂಕ ನೋಡುತ್ತೇವೆ. ಮೊಟ್ಟೆ ಬಿಡಿಸಲು ತಾಯಿ ಮೀನಿಗೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತೇವೆ. ಒಂದು ಮೀನು ವರ್ಷದಲ್ಲಿ ಹತ್ತಾರು ಸಲ ನಮ್ಮ ಕೈಗೆ ಬರುತ್ತದೆ.

ನಾಲ್ಕು ಕೆ.ಜಿ.ಯ ಕಾಟ್ಲಾ ಒದ್ದಾಡುವುದನ್ನು ನೋಡಿದ್ದೀರಲ್ವಾ? ಇಬ್ಬರು ಹಿಡಿದರೂ ನಿಲ್ಲುವುದಿಲ್ಲ. ಸೂಜಿ ಮುರಿಯುತ್ತದೆ, ಹುರುಪೆ ಕಿತ್ತು ಬರುತ್ತದೆ, ಮೀನು ನೆಲಕ್ಕೆ ಬೀಳುತ್ತದೆ. ಮಂಪರು ಬರಿಸಿದರೆ ಅದೇ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಕೆಲಸ ಬೇಗ ಮುಗಿದು ಮೀನು ಬೇಗ ನೀರಿಗೆ ಹೋಗಲಿ ಅನ್ನುವುದೇ ಇದರ ಉದ್ದೇಶ.

ಬಲೆ ಎಳೆದ ದಿನ ಮೀನು ಚೆನ್ನಾಗೇ ಇರುತ್ತದಲ್ಲ? ಎಲ್ಲಿಯ ಒತ್ತಡ?

ಆ ದಿನ ಚೆನ್ನಾಗಿಯೇ ಕಾಣುತ್ತದೆ. ಎರಡು, ಮೂರು, ನಾಲ್ಕನೇ ದಿನಕ್ಕೆ ದಂಡೆಯಲ್ಲಿ ಸತ್ತ ಮೀನು ತೇಲುತ್ತದೆ. ಆಗ ನಾವು ಮರಿ ಕೊಟ್ಟವರನ್ನು ಬೈಯುತ್ತೇವೆ. ನಾನೂ ಬೈದಿದ್ದೇನೆ. ಬಹಳ ಸಲ ತಪ್ಪು ಆಗಿದ್ದು ನಮ್ಮ ಕೈಯಲ್ಲೇ.

ಒಳಗೆ ಆಗುವುದು ಹೀಗೆ. ಬಲೆ ಬಿಗಿಯಾದ ಕೂಡಲೇ ಮೀನಿನ ರಕ್ತಕ್ಕೆ ಅಡ್ರಿನಲಿನ್ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಕಾರ್ಟಿಸಾಲ್ ಏರುತ್ತದೆ. ಇವು ನಮ್ಮ ಮೈಯಲ್ಲೂ ಇರುವ ಹಾರ್ಮೋನುಗಳೇ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಒದ್ದಾಡಿ ಒದ್ದಾಡಿ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಕಾರ್ಟಿಸಾಲ್ ಏರಿಯೇ ಇದ್ದರೆ ರೋಗ ತಡೆಯುವ ಶಕ್ತಿ ಕುಸಿಯುತ್ತದೆ.

ಇನ್ನೊಂದು ಮುಖ್ಯ ವಿಷಯ ಉಪ್ಪಿನದು. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಎಷ್ಟೋ ಪಟ್ಟು ಉಪ್ಪು ಇರುತ್ತದೆ. ಹಾಗಾಗಿ ನೀರು ಸದಾ ಮೈಯೊಳಗೆ ಬರುತ್ತಿರುತ್ತದೆ, ಉಪ್ಪು ಹೊರಗೆ ಸೋರುತ್ತಿರುತ್ತದೆ. ಮೀನು ಇದನ್ನು ಹಗಲೂ ರಾತ್ರಿ ಸರಿದೂಗಿಸುತ್ತಲೇ ಇರುತ್ತದೆ. ಗಾಬರಿಯಾದಾಗ ಈ ಲೆಕ್ಕ ತಪ್ಪುತ್ತದೆ. ಮೈಮೇಲಿನ ಲೋಳೆ ಉಜ್ಜಿ ಹೋಗಿದ್ದರೆ ಇನ್ನೂ ಕಷ್ಟ. ಆ ಲೋಳೆಯೇ ಅದರ ಚರ್ಮದ ಕಾವಲು. ಅದು ಹೋದ ಜಾಗದಲ್ಲಿ ಹತ್ತಿಯಂಥ ಬೂಸ್ಟು ಹಿಡಿಯುತ್ತದೆ. ಬಲೆ ಎಳೆದ ವಾರದಲ್ಲಿ ಬೆನ್ನ ಮೇಲೆ ಬಿಳಿ ಬೂಸ್ಟು ಕಂಡಿದ್ದರೆ ಅದರ ಮೂಲ ಇಲ್ಲೇ ಇರುತ್ತದೆ.

ಮೀನಿಗೆ ನೋವು ಗೊತ್ತಾಗುತ್ತದಾ?

ಗೊತ್ತಾಗುತ್ತದೆ ಅಂತಲೇ ನಾನು ನಂಬಿದ್ದೇನೆ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಜೊತೆಗಾರರು ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯ, ಬಿಸಿ, ಆಮ್ಲಗಳಿಗೆ ಸ್ಪಂದಿಸುವ ನರತುದಿಗಳನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನು ಮೇವು ಬಿಟ್ಟು, ತುಟಿಯನ್ನು ಕಲ್ಲಿಗೆ ಉಜ್ಜುತ್ತಿತ್ತಂತೆ. ನಮ್ಮ ಹಾಗೇ ಅನುಭವಿಸುತ್ತದಾ ಅನ್ನುವ ವಾದ ವಿಜ್ಞಾನಿಗಳಲ್ಲಿ ಇನ್ನೂ ಇದೆ. ನನಗಂತೂ ಅಷ್ಟು ಸಾಕು. ಸಾಕಿದ ಪ್ರಾಣಿ ಅದು.

ಯಾವ ಯಾವ ಔಷಧಿ ಇವೆ?

ಪ್ರಪಂಚದಲ್ಲಿ ಹೆಸರಾದದ್ದು ಟ್ರೈಕೇನ್. ಎಂಎಸ್-222 ಅಂತಲೂ ಕರೆಯುತ್ತಾರೆ. ಬಿಳಿ ಪುಡಿ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ನೀರನ್ನು ಹುಳಿ ಮಾಡುತ್ತದೆ. ಅದಕ್ಕೇ ಜೊತೆಗೆ ಅಡುಗೆ ಸೋಡಾ ಬೆರೆಸಬೇಕು. ಬೆರೆಸದಿದ್ದರೆ ಆ ಹುಳಿಗೇ ಮೀನು ಗಾಬರಿಯಾಗುತ್ತದೆ. ನಮ್ಮಂಥ ಸಣ್ಣ ಸಾಕಣೆದಾರರಿಗೆ ದುಬಾರಿ. ಬೆಂಜೊಕೇನ್, 2-ಫಿನಾಕ್ಸಿಎಥನಾಲ್ ಅಂತ ಇನ್ನೂ ಕೆಲವಿವೆ.

ನಮ್ಮ ಕೈಗೆ ಎಟುಕುವುದು ಲವಂಗದ ಎಣ್ಣೆ. ಹಲ್ಲುನೋವಿಗೆ ಅಜ್ಜಿ ಲವಂಗ ಕಚ್ಚಿಸುತ್ತಿದ್ದರಲ್ಲ, ಅದೇ ಗುಣ ಇಲ್ಲೂ ಕೆಲಸ ಮಾಡುತ್ತದೆ. ಅದರಲ್ಲಿರುವ ಯುಜೆನಾಲ್ ಕಿವಿರಿನ ಮೂಲಕ ರಕ್ತ ಸೇರಿ ನರಗಳ ಸುದ್ದಿ ಸಾಗಣೆಯನ್ನು ತಡೆಯುತ್ತದೆ. ಶುದ್ಧ ನೀರಿಗೆ ಬಿಟ್ಟಾಗ ಅದೇ ಕಿವಿರಿನಿಂದ ಹೊರಗೆ ಹೋಗುತ್ತದೆ.

ಕೊಳ್ಳುವಾಗ ಹುಷಾರು. ಪೂಜಾ ಸಾಮಾನಿನ ಅಂಗಡಿಯ ಸುವಾಸನೆ ಎಣ್ಣೆ ಬೇಡ. ಬೇರೆ ಎಣ್ಣೆ ಬೆರೆಸಿರುತ್ತಾರೆ, ಯುಜೆನಾಲ್ ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಳ್ಳೆಯ ಲವಂಗದ ಮೊಗ್ಗಿನ ಎಣ್ಣೆಯಲ್ಲಿ ನೂರಕ್ಕೆ 70ರಿಂದ 90 ಭಾಗ ಯುಜೆನಾಲ್ ಇರುತ್ತದೆ. ಸೀಸೆಯ ಮೇಲೆ ಅದನ್ನು ಬರೆದಿರಬೇಕು.

ಎಷ್ಟು ಹಾಕಬೇಕು? ಹನಿ ಲೆಕ್ಕದಲ್ಲಿ ಹೇಳಿ.

ಹನಿ ಲೆಕ್ಕ ಬೇಡ. ಅದರಿಂದಲೇ ನನಗೆ ಪೆಟ್ಟು ಬಿದ್ದದ್ದು. ಮೊದಲ ಸಲ ಎಣ್ಣೆಯನ್ನು ಮುಚ್ಚಳದಲ್ಲಿ ಅಳೆದು ನೇರ ಟಬ್ಬಿಗೆ ಸುರಿದೆ. ಎಣ್ಣೆ ನೀರಿನಲ್ಲಿ ಬೆರೆಯದೆ ಅಲ್ಲಲ್ಲೇ ನಿಂತಿತು. ಒಂದು ತಾಯಿ ಕಾಟ್ಲಾ ಅಲ್ಲಿಗೇ ಬಾಯಿ ಹಾಕಿತು. ಎರಡು ನಿಮಿಷದೊಳಗೆ ಕಿವಿರು ನಿಂತಿತು, ಉಳಿಯಲಿಲ್ಲ. ಅದೇ ಟಬ್ಬಿನ ಇನ್ನೊಂದು ಮೀನಿಗೆ ಏನೂ ಆಗಿರಲಿಲ್ಲ. ಮೂರು ವರ್ಷ ಸಾಕಿದ ಮೀನು ಅದು. ಆ ದಿನ ಮನೆಯಲ್ಲಿ ಊಟ ಸೇರಲಿಲ್ಲ.

ಈಗ ಮಾಡುವ ಕ್ರಮ ಇದು. 10 ಮಿ.ಲೀ. ಲವಂಗದ ಎಣ್ಣೆಗೆ 90 ಮಿ.ಲೀ. ಇಥೈಲ್ ಆಲ್ಕೋಹಾಲ್ ಬೆರೆಸಿ ಇಟ್ಟುಕೊಳ್ಳುತ್ತೇನೆ. ಆಗ ಈ ದ್ರಾವಣದ ಒಂದು ಮಿ.ಲೀ.ನಲ್ಲಿ ಸುಮಾರು 100 ಮಿ.ಗ್ರಾಂ ಎಣ್ಣೆ ಇರುತ್ತದೆ. 100 ಲೀಟರ್ ನೀರಿಗೆ 30 ಮಿ.ಲೀ. ದ್ರಾವಣ ಹಾಕಿದರೆ ಲೀಟರಿಗೆ 30 ಮಿ.ಗ್ರಾಂ ಆಯಿತು. 50 ಮಿ.ಲೀ. ಹಾಕಿದರೆ ಲೀಟರಿಗೆ 50 ಮಿ.ಗ್ರಾಂ. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ. ಮೊದಲು ಅರ್ಧ ಬಾಟಲಿ ನೀರಿಗೆ ಹಾಕಿ ಹಾಲಿನಂತೆ ಆಗುವವರೆಗೆ ಕುಲುಕಿ, ಆಮೇಲೆ ಟಬ್ಬಿಗೆ ಸುರಿದು ಕೈಯಾಡಿಸಿ.

ಕಾಟ್ಲಾದಂಥ ಗೆಂಡೆ ಜಾತಿಯ ದೊಡ್ಡ ಮೀನಿಗೆ ನಾನು ಲೀಟರಿಗೆ 30 ಮಿ.ಗ್ರಾಂನಿಂದ ಶುರು ಮಾಡಿ, ಸಾಲದಿದ್ದರೆ ಸ್ವಲ್ಪ ಸ್ವಲ್ಪ ಏರಿಸುತ್ತೇನೆ. 50 ದಾಟುವ ಅಗತ್ಯ ನಮ್ಮ ಬಿಸಿ ನೀರಿನಲ್ಲಿ ನನಗೆ ಬಂದಿಲ್ಲ. ಈ ಅಂಕಿಯನ್ನು ಹಾಗೇ ನಂಬಬೇಡಿ. ನಿಮ್ಮ ನೀರು, ನಿಮ್ಮ ಎಣ್ಣೆ, ನಿಮ್ಮ ಮೀನು ಬೇರೆ. ಕಡಿಮೆ ಬೆಲೆಯ ಒಂದೆರಡು ಮೀನಿನ ಮೇಲೆ ನೋಡಿ ಆಮೇಲೆ ತಾಯಿ ಮೀನು ಮುಟ್ಟಿ. ಮೂರು ನಿಮಿಷದೊಳಗೆ ಮಂಪರು ಬರಬೇಕು, ಶುದ್ಧ ನೀರಿಗೆ ಬಿಟ್ಟ ಐದು ನಿಮಿಷದೊಳಗೆ ಎಚ್ಚರ ಆಗಬೇಕು. ಇದೇ ಒಳ್ಳೆಯ ಅಳತೆ. ಮಂಪರಿನ ಟಬ್ಬಿನಲ್ಲಿ ಹತ್ತು ನಿಮಿಷ ಆದರೂ ಮೀನು ಪೂರ್ತಿ ಮಂಪರಿಗೆ ಹೋಗದೆ ತೂಕಡಿಸುತ್ತಲೇ ಇದ್ದರೆ ಔಷಧಿ ಕಡಿಮೆಯಾಗಿದೆ. ಅದೂ ಕೆಟ್ಟದ್ದೇ, ಯಾಕಂದರೆ ಅಷ್ಟು ಹೊತ್ತೂ ಮೀನು ಗಾಬರಿಯಲ್ಲೇ ಇರುತ್ತದೆ.

ಮಂಪರು ಸಾಕಷ್ಟು ಬಂದಿದೆ ಅಂತ ಹೇಗೆ ತಿಳಿಯುವುದು?

ಕಣ್ಣು ಕಿವಿರಿನ ಮುಚ್ಚಳದ ಮೇಲೇ ಇರಲಿ. ಮೊದಲು ಮೀನು ನಿಧಾನವಾಗುತ್ತದೆ, ಟಬ್ಬು ತಟ್ಟಿದರೂ ಬೆಚ್ಚುವುದಿಲ್ಲ. ತೂಕ ನೋಡಲು ಇಷ್ಟು ಸಾಕು. ಆಮೇಲೆ ಮಗ್ಗುಲಿಗೆ ವಾಲುತ್ತದೆ, ಹೊಟ್ಟೆ ಮೇಲಾಗುತ್ತದೆ. ಹೆದರಬೇಡಿ, ಕಿವಿರು ಆಡುತ್ತಿರುತ್ತದೆ. ಬಾಲದ ಬುಡ ಹಿಚುಕಿದರೂ ಮೈ ಕೊಸರದಿದ್ದರೆ ಇಂಜೆಕ್ಷನ್‌ಗೆ ತಯಾರು. ತಕ್ಷಣ ತೆಗೆಯಿರಿ. ಅಲ್ಲಿಂದ ಮುಂದಿನ ಹಂತದಲ್ಲಿ ಕಿವಿರು ನಿಲ್ಲುತ್ತದೆ, ನಂತರ ಗುಂಡಿಗೆ. ಇಂಜೆಕ್ಷನ್‌ಗೆ ತಯಾರಾದ ಹಂತಕ್ಕೂ ಕಿವಿರು ನಿಲ್ಲುವ ಹಂತಕ್ಕೂ ನಡುವಿನ ಅಂತರ ಬಿಸಿ ನೀರಿನಲ್ಲಿ ಬಹಳ ಕಡಿಮೆ. ಟಬ್ಬಿನ ಹತ್ತಿರ ಇರುವವರು ಫೋನ್ ಮುಟ್ಟಕೂಡದು. ನಮ್ಮಲ್ಲಿ ಇದು ಕಟ್ಟುನಿಟ್ಟು.

ಕಿವಿರು ನಿಂತೇ ಹೋದರೆ?

ಶುದ್ಧ ನೀರಿನ ಟಬ್ಬಿಗೆ ಹಾಕಿ. ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ನಡೆಸಿ. ನೀರು ಬಾಯಿಂದ ಒಳಗೆ ಹೋಗಿ ಕಿವಿರಿನಿಂದ ಹೊರಗೆ ಬರಬೇಕು. ಹಿಂದಕ್ಕೆ ಎಳೆದರೆ ನೀರು ಉಲ್ಟಾ ನುಗ್ಗಿ ಕಿವಿರಿಗೆ ಏಟಾಗುತ್ತದೆ, ಹಾಗಾಗಿ ತಿರುಗಿಸಿ ತಿರುಗಿಸಿ ಮುಂದಕ್ಕೇ ನಡೆಸಿ. ಪೈಪಿನ ಸಣ್ಣ ನೀರನ್ನು ಬಾಯಿಯ ಮುಂದೆ ಮೆಲ್ಲಗೆ ಬಿಟ್ಟರೂ ಆಗುತ್ತದೆ. ಬೇಗ ಕೈಬಿಡಬೇಡಿ. ಎಷ್ಟೋ ಮೀನು ಮರಳಿ ಬಂದಿವೆ.

ಅದಕ್ಕೇ ಹೇಳುವುದು: ಎಚ್ಚರ ಬರಿಸುವ ಟಬ್ಬು ಮೊದಲು ತಯಾರಾಗಬೇಕು, ಮಂಪರಿನ ಟಬ್ಬು ಆಮೇಲೆ. ಎರಡಕ್ಕೂ ಅದೇ ಹೊಂಡದ ನೀರು ಇರಲಿ, ಎರಡರಲ್ಲೂ ಗಾಳಿ ಪಂಪು ನಡೆಯುತ್ತಿರಲಿ. ಕರೆಂಟ್ ನಂಬಬೇಡಿ, ಬ್ಯಾಟರಿಯದೊಂದು ಇಟ್ಟುಕೊಳ್ಳಿ.

ಸೋಡಾ ಪುಡಿಗೆ ನಿಂಬೆಹುಳಿ ಹಿಂಡಿ ಮಾಡುತ್ತಾರಲ್ಲ, ಅದು ಆಗಲ್ವಾ?

ಅದರಿಂದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಮೀನು ಅದಕ್ಕೆ ಸುಮ್ಮನಾಗುತ್ತದೆ ನಿಜ, ಆದರೆ ಮೊದಲು ಚೆನ್ನಾಗಿ ಒದ್ದಾಡುತ್ತದೆ. ಅಳತೆಯೂ ಸಿಗುವುದಿಲ್ಲ. ನಮ್ಮ ಕಡೆಯ ಗಡುಸು ಬೋರ್ ನೀರಿನಲ್ಲಿ ಇನ್ನೂ ಏರುಪೇರು. ಒತ್ತಡ ಇಳಿಸಲು ಹೊರಟು ಒತ್ತಡವನ್ನೇ ಕೊಟ್ಟ ಹಾಗೆ ಆಗುತ್ತದೆ. ಬೇಡ.

ಡ್ಯಾಂನಿಂದ ಮರಿ ತರುವಾಗ ಚೀಲಕ್ಕೆ ಲವಂಗದ ಎಣ್ಣೆ ಹಾಕಬಹುದಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಹೊಸಪೇಟೆಯ ಟಿ.ಬಿ. (ತುಂಗಭದ್ರಾ) ಡ್ಯಾಂ ಮೀನುಮರಿ ಕೇಂದ್ರದಿಂದಲೋ ಭದ್ರಾ ಡ್ಯಾಂ ಕಡೆಯಿಂದಲೋ ಆಂಧ್ರದಿಂದಲೋ ಮರಿ ಬರುತ್ತದೆ. ದಾರಿಯಲ್ಲಿ ಸಾಯುತ್ತವೆ ಅನ್ನುವ ಭಯ ಎಲ್ಲರಿಗೂ ಇದೆ.

ತೀರಾ ಕಡಿಮೆ ಪ್ರಮಾಣದಲ್ಲಿ, ಈಜು ನಿಲ್ಲದ ಹಾಗೆ, ಬರೀ ಶಾಂತ ಮಾಡುವಷ್ಟು ಹಾಕುವ ಪದ್ಧತಿ ಇದೆ. ನಾನು ಹಾಕುವುದಿಲ್ಲ, ನಿಮಗೂ ಬೇಡ ಅಂತಲೇ ಹೇಳುತ್ತೇನೆ. ಚೂರು ಜಾಸ್ತಿಯಾದರೆ ಮರಿ ಈಜು ಬಿಟ್ಟು ಚೀಲದ ತಳಕ್ಕೆ ಬೀಳುತ್ತದೆ. ಒಂದರ ಮೇಲೊಂದು ಬಿದ್ದು ಉಸಿರುಕಟ್ಟುತ್ತದೆ. ಕಟ್ಟಿದ ಚೀಲದೊಳಗೆ ನೀವು ಏನೂ ಮಾಡಲಾಗುವುದಿಲ್ಲ.

ಸಾಗಣೆಯಲ್ಲಿ ಮರಿ ಉಳಿಯುವುದು ಬೇರೆ ಕಾರಣಕ್ಕೆ. ಹಿಂದಿನ ದಿನವೇ ಮರಿಯನ್ನು ಹಾಪಾದಲ್ಲಿ, ಅಂದರೆ ನೀರಿನಲ್ಲೇ ಕಟ್ಟಿದ ಬಲೆಯ ತೊಟ್ಟಿಯಲ್ಲಿ, ಮೇವಿಲ್ಲದೆ ಇಡಬೇಕು. ಹೊಟ್ಟೆ ಖಾಲಿಯಾದರೆ ಚೀಲದಲ್ಲಿ ಹಿಕ್ಕೆ ಇಲ್ಲ, ಅಮೋನಿಯಾ ಕಡಿಮೆ. ಚೀಲದಲ್ಲಿ ಮೂರರಲ್ಲಿ ಒಂದು ಭಾಗ ನೀರು, ಎರಡು ಭಾಗ ಆಮ್ಲಜನಕ. ಲೀಟರಿಗೆ 2ರಿಂದ 5 ಗ್ರಾಂ ಕಲ್ಲುಪ್ಪು. ಮೇಲೆ ಹೇಳಿದೆನಲ್ಲ, ಮೈಯಿಂದ ಉಪ್ಪು ಸೋರುತ್ತದೆ ಅಂತ. ಹೊರಗಿನ ನೀರಿಗೆ ಉಪ್ಪು ಬಿದ್ದರೆ ಆ ಸೋರಿಕೆ ತಗ್ಗುತ್ತದೆ, ಮೀನಿನ ಶ್ರಮ ಉಳಿಯುತ್ತದೆ. ಚೀಲವನ್ನು ನೆರಳಲ್ಲಿ, ಒದ್ದೆ ಗೋಣಿ ಹೊದಿಸಿ ತನ್ನಿ. ಹೊಂಡಕ್ಕೆ ಬಂದ ಮೇಲೆ ಚೀಲವನ್ನು ಕಾಲು ತಾಸು ನೀರಿನ ಮೇಲೆ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಮರಿ ತಾನಾಗಿ ಈಜಿ ಹೊರಗೆ ಹೋಗಲಿ.

ಕಲ್ಲುಪ್ಪಿಗೆ ಎಷ್ಟು ದುಡ್ಡು? ಲವಂಗದ ಎಣ್ಣೆಗಿಂತ ಮೊದಲು ಅದನ್ನು ಕೊಳ್ಳಿ.

ನಮ್ಮ ಬೇಸಿಗೆಯಲ್ಲಿ ಮಂಪರು ಕೊಡಬಹುದಾ?

ರಾಯಚೂರಿನ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುತ್ತದೆ. ಕಾಲುವೆಗೆ ನೀರು ನಿಲ್ಲಿಸಿರುತ್ತಾರೆ, ಹೊಂಡದಲ್ಲಿ ನೀರು ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಬಿಸಿಯಲ್ಲಿ ಏರುತ್ತದೆ. ಕಿವಿರು ಬೇಗ ಬೇಗ ಆಡುವುದರಿಂದ ಔಷಧಿಯೂ ಬೇಗ ಏರುತ್ತದೆ. ಚಳಿಗಾಲದ ಅಳತೆಯನ್ನು ಮೇ ತಿಂಗಳಲ್ಲಿ ಹಾಕಿದರೆ ಮೀನು ಕಳೆದುಕೊಳ್ಳುತ್ತೀರಿ.

ನನ್ನ ಮಾತು ಕೇಳಿದರೆ ಬಿರು ಬೇಸಿಗೆಯಲ್ಲಿ ಮೀನನ್ನು ಮುಟ್ಟಲೇಬೇಡಿ. ತೂಕ ನೋಡದಿದ್ದರೆ ಏನೂ ಮುಳುಗಿಹೋಗುವುದಿಲ್ಲ. ಮುಟ್ಟಲೇಬೇಕಾದರೆ ಬೆಳಗ್ಗೆ ಮಾಡಿ. ಇಲ್ಲೊಂದು ಸೂಕ್ಷ್ಮ ಇದೆ. ತಂಪು ಅಂತ ನಸುಕಿನಲ್ಲೇ ಬಲೆ ಎಳೆಯುತ್ತೇವೆ. ಆದರೆ ಹಸಿರುಗಟ್ಟಿದ ಹೊಂಡದಲ್ಲಿ ರಾತ್ರಿಯಿಡೀ ಪಾಚಿಯೂ ಆಮ್ಲಜನಕ ಕುಡಿಯುತ್ತದೆ. ಸೂರ್ಯ ಹುಟ್ಟುವ ಮೊದಲು ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಬಲೆ ಮುಟ್ಟಬೇಡಿ. ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿ. ಬಿಸಿಲು ಬಿದ್ದು ಒಂದು ತಾಸು ಆಗಲಿ. ಏಳು, ಏಳೂವರೆಗೆ ಶುರು ಮಾಡಿ ಒಂಬತ್ತರೊಳಗೆ ಮುಗಿಸುವುದು ನಮ್ಮ ರೂಢಿ.

ಎಲ್ಲಾ ಮೀನಿಗೂ ಒಂದೇ ಅಳತೆಯಾ?

ಇಲ್ಲ. ಬೆಳ್ಳಿಗೆಂಡೆ ಬಹಳ ಸೂಕ್ಷ್ಮ. ಬಲೆಯಲ್ಲೇ ಹಾರಿ ಹಾರಿ ಸಾಯುತ್ತದೆ. ಅದನ್ನು ಮೊದಲು ಬಿಡಿಸಿ. ಸಾಮಾನ್ಯ ಗೆಂಡೆ ಗಟ್ಟಿಮುಟ್ಟು. ರೂಪ್‌ಚಂದ್‌ಗೆ ಹಲ್ಲಿವೆ, ಪಂಗಾಸ್‌ಗೆ ರೆಕ್ಕೆಯಲ್ಲಿ ಮುಳ್ಳಿದೆ. ಅಲ್ಲಿ ಮಂಪರು ನಿಮ್ಮ ಕೈಯನ್ನೂ ಉಳಿಸುತ್ತದೆ.

ಕೊರವ ಮೀನಿನ ವಿಷಯ ಬೇರೆ. ಮುರ್ರೆಲ್ ಅಂತಾರಲ್ಲ, ಅದೇ. ಅದು ಮೇಲೆ ಬಂದು ಗಾಳಿ ಕುಡಿದೇ ಬದುಕುವ ಮೀನು. ಮಂಪರಿನಲ್ಲಿ ತಳಕ್ಕೆ ಬಿದ್ದು ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಕಟ್ಟುತ್ತದೆ. ಎಚ್ಚರ ಬರಿಸುವ ಟಬ್ಬಿನಲ್ಲಿ ನೀರು ಗೇಣುದ್ದಕ್ಕಿಂತ ಕಡಿಮೆ ಇಡಿ. ಬಾಯಿ ನೀರಿನ ಮೇಲ್ಮೈಗೆ ತಾಗುವ ಹಾಗೆ ಆಸರೆ ಕೊಡಿ.

ಯಾವ ಜಾತಿಯೇ ಇರಲಿ, ರೋಗ ಬಂದ ಅಥವಾ ಸೊರಗಿದ ಮೀನಿಗೆ ಮಂಪರು ಕೊಡಬೇಡಿ. ಕಿವಿರು ಹಾಳಾಗಿದ್ದರೆ ಔಷಧಿ ಒಳಗೆ ಹೋದದ್ದು ಹೊರಗೆ ಬರುವುದು ಕಷ್ಟ.

ಮಂಪರು ಕೊಟ್ಟ ಮೀನನ್ನು ತಿನ್ನಬಹುದಾ?

ಇದಕ್ಕೆ ನಾನು ಗಟ್ಟಿಯಾಗಿ ಉತ್ತರ ಕೊಡುತ್ತೇನೆ: ಮಾರುಕಟ್ಟೆಗೆ ಹೋಗುವ ಮೀನಿಗೆ ಕೊಡಬೇಡಿ.

ಲವಂಗ ಅಡುಗೆಗೆ ಹಾಕುತ್ತೇವಲ್ಲ, ಏನಾಗುತ್ತದೆ ಅಂತ ಕೇಳುತ್ತಾರೆ. ಅಡುಗೆಗೆ ಹಾಕುವ ನಾಲ್ಕು ಲವಂಗ ಬೇರೆ, ಮೀನಿನ ಮೈಯೆಲ್ಲ ಸೇರಿದ ಎಣ್ಣೆ ಬೇರೆ. ಎಣ್ಣೆಯಲ್ಲಿ ಮೀಥೈಲ್ ಯುಜೆನಾಲ್ ಅನ್ನುವ ಇನ್ನೊಂದು ಅಂಶವೂ ಇರುತ್ತದೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಅದರಿಂದ ಕ್ಯಾನ್ಸರ್ ಕಂಡಿದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ತಿನ್ನುವ ಮೀನಿಗೆ ಲವಂಗದ ಎಣ್ಣೆಯನ್ನು ಒಪ್ಪಿಲ್ಲ. ಅಲ್ಲಿ ಟ್ರೈಕೇನ್ ಕೊಟ್ಟ ಮೀನನ್ನು 21 ದಿನ ಕಳೆಯದೆ ತಿನ್ನಲು ಬಿಡುವಂತಿಲ್ಲ.

2018ರಲ್ಲಿ ಕೇರಳದಲ್ಲಿ ಫಾರ್ಮಾಲಿನ್ ಹಾಕಿದ ಮೀನು ಸಿಕ್ಕ ಸುದ್ದಿ ನೆನಪಿದೆಯಲ್ವಾ? ಎಲ್ಲೋ ಯಾರೋ ಮಾಡಿದ್ದಕ್ಕೆ ಎಷ್ಟು ಊರುಗಳ ಜನ ಮೀನು ಕೊಳ್ಳಲು ಹಿಂದೆಮುಂದೆ ನೋಡಿದರು. ನಮ್ಮ ಮೀನು ತಿನ್ನುವವರು ನಮ್ಮನ್ನು ನಂಬಿ ತಿನ್ನುತ್ತಾರೆ.

ನಾನು ಕೊಡುವುದು ತಾಯಿ ಮೀನಿಗೆ ಮಾತ್ರ. ಕೊಟ್ಟ ಮೀನಿನ ರೆಕ್ಕೆಗೆ ಗುರುತು, ಪುಸ್ತಕದಲ್ಲಿ ತಾರೀಕು. ಆ ಹಂಗಾಮಿನಲ್ಲಿ ಅದು ಸಂತೆಗೆ ಹೋಗುವುದಿಲ್ಲ. ಸತ್ತರೆ ಹೂಳುತ್ತೇವೆ, ನಾಯಿಗೂ ಹಾಕುವುದಿಲ್ಲ.

ಹಾಗಾದರೆ ಮಾರಲು ಹಿಡಿಯುವಾಗ ಒತ್ತಡ ಇಳಿಸುವುದು ಹೇಗೆ?

ಒಂದು ದಿನ ಮೇವು ನಿಲ್ಲಿಸಿ. ಎಷ್ಟು ಬೇಕೋ ಅಷ್ಟೇ ಬಲೆಯಲ್ಲಿ ಒತ್ತಿ. ಹಿಡಿದ ಕೂಡಲೇ ನೀರು ಬೆರೆಸಿದ ಪುಡಿ ಮಂಜುಗಡ್ಡೆಗೆ ಹಾಕಿ, ದಂಡೆಯ ಮೇಲೆ ಬಿಸಿಲಿಗೆ ಬಡಿದಾಡಲು ಬಿಡಬೇಡಿ. ಒದ್ದಾಡಿ ಸತ್ತ ಮೀನು ಬೇಗ ಸೆಟೆಯುತ್ತದೆ, ಬೇಗ ಮೆತ್ತಗಾಗುತ್ತದೆ. ಗಂಗಾವತಿಯಲ್ಲೋ ಬಳ್ಳಾರಿಯಲ್ಲೋ ಮೀನು ಒತ್ತಿ ನೋಡುವ ವ್ಯಾಪಾರಿಗೆ ಇದು ಬೆರಳಲ್ಲೇ ಗೊತ್ತಾಗುತ್ತದೆ.

ನಮಗೇನಾದರೂ ಅಪಾಯ ಇದೆಯಾ? ಉಳಿದ ನೀರನ್ನು ಏನು ಮಾಡುವುದು?

ಲವಂಗದ ಎಣ್ಣೆ ಕೈ ಉರಿಸುತ್ತದೆ, ಕಣ್ಣಿಗೆ ಬಿದ್ದರೆ ಬಹಳ ಉರಿ. ಕೈಗವಸು ಹಾಕಿ. ಅದು ಥರ್ಮಾಕೋಲನ್ನು ತಿನ್ನುತ್ತದೆ, ಅಗ್ಗದ ಪ್ಲಾಸ್ಟಿಕ್ಕನ್ನೂ ಹಾಳುಮಾಡಬಹುದು. ಕಪ್ಪು ಗಾಜಿನ ಸೀಸೆಯಲ್ಲಿಡಿ. ಆಲ್ಕೋಹಾಲ್ ಬೆರೆತಿರುವುದರಿಂದ ಬೀಡಿ, ಒಲೆ ದೂರ ಇರಲಿ. ಸೀಸೆಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಉಳಿದ ನೀರನ್ನು ಹೊಂಡಕ್ಕೂ ಕಾಲುವೆಗೂ ಬಿಡಬೇಡಿ. ಬಿಸಿಲು ಬೀಳುವ ಒಣ ನೆಲದ ಗುಂಡಿಗೆ ಸುರಿಯಿರಿ. ಒಂದೇ ಟಬ್ಬಿನ ನೀರಿನಲ್ಲಿ ಇಡೀ ದಿನ ಕೆಲಸ ಮಾಡುವುದೂ ತಪ್ಪು. ಲೋಳೆ, ಹಿಕ್ಕೆ ತುಂಬಿ ನೀರು ಕೆಡುತ್ತದೆ, ಔಷಧಿಯ ಬಲವೂ ಕುಂದುತ್ತದೆ.

ಮೊದಲ ಸಲ ಮಾಡುವವರು ಯಾರನ್ನು ಕೇಳಬೇಕು?

ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ. ರಾಯಚೂರು, ಗಂಗಾವತಿ, ಬಳ್ಳಾರಿಯ ಹಗರಿ, ಈ ಮೂರೂ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಲ್ಲೂ ವಿಚಾರಿಸಿ. ಹೋಗುವಾಗ ಒಂದು ಬಾಟಲಿಯಲ್ಲಿ ಹೊಂಡದ ನೀರು ತೆಗೆದುಕೊಂಡು ಹೋಗಿ. ಎಣ್ಣೆಯ ಸೀಸೆಯ ಚೀಟಿಯನ್ನು ಫೋಟೋ ಹೊಡೆದುಕೊಳ್ಳಿ. ಎಷ್ಟು ಮೀನು, ಎಷ್ಟು ತೂಕ, ಯಾವ ಕೆಲಸಕ್ಕೆ ಅಂತ ಬರೆದುಕೊಂಡು ಹೋದರೆ ಅವರಿಗೂ ಹೇಳುವುದು ಸುಲಭ. ಮೊದಲ ಸಲಕ್ಕೆ ಪಕ್ಕದಲ್ಲಿ ಅನುಭವ ಇರುವ ಒಬ್ಬರು ಇರಲಿ. ಸಿಂಧನೂರು ಸುತ್ತಮುತ್ತ ಆದರೆ ನನ್ನನ್ನೇ ಕರೆಯಿರಿ. ಮಳೆಗಾಲದ ಮರಿ ಹಂಗಾಮಿನಲ್ಲಿ ಬೆಳಗಿನ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಬರುತ್ತೇನೆ.